ಒಲ್ಲೆ ಎನ್ನುವ ಲಾಲಿ

ನಮ್ಮ ಮನೆಯಲ್ಲಿ ಬಾಣಲೆಗೆ ಎಣ್ಣೆ ತಾಗಿಸಿದವರಿಗೆ ಗಲ್ಲುಶಿಕ್ಷೆಯೊಂದು ಬಾಕಿ. ಏಕೆಂದರೆ ಅದು ಬಾಣಲೆಯಲ್ಲ, ವಾದ್ಯ. ಗೋಡೆಯ ಮೊಳೆಗೆ ತೂಗುಹಾಕಿ ಮರದ ಸೌಟಿನಿಂದ ಅಂಚಿಗೆ ತಟ್ಟಿದರೆ ಹೊರಡುವ ನಾದ ಕೇಳಿ ದೇವಲೋಕದ ಗಂಟೆಗಳು ನಾಚಿ ಬಿರುಕು ಬಿಟ್ಟಿವೆ. ಎಣ್ಣೆ ಕುಡಿದರೆ ಅದರ ಸ್ವರ ಇಳಿಯುತ್ತದೆಂಬುದು ಮಾವನವರ ಸಿದ್ಧಾಂತ. ದೊಡ್ಡ ಡಬರಿಯನ್ನೂ ಅಡುಗೆಗೆ ಮುಟ್ಟುವಂತಿಲ್ಲ. ಹೀಗಾಗಿ ಇಲ್ಲಿ ಮೊಟ್ಟೆ ಬೇಯುವುದು ಟೀ ಕೆಟಲಿನಲ್ಲಿ, ಬೇಳೆ ಬೇಯುವುದು ಹಾಲಿನ ಪಾತ್ರೆಯಲ್ಲಿ, ಹಾಲು ಕಾಯುವುದು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ನಮ್ಮ ಮನೆಯ ಟೀ ಕುಡಿದು ಬದುಕಿ ಉಳಿದವರು ವಿಷ ಕುಡಿದರೂ ಸಾಯುವುದಿಲ್ಲ.

ನಾನು ಈ ಮನೆಯ ಅಳಿಯ. ಮನೆಯ ಅಳಿಯ ಅಂದರೆ ಮನೆಅಳಿಯ. ಮಧ್ಯಾಹ್ನದ ಒಂದು ಊಟಕ್ಕೆಂದು ಬಂದವನು ಬೆರಳಲ್ಲಿ ಮೇಜು ತಟ್ಟಿದೆ; ಮಾವನವರು ಅದನ್ನು ಕೇಳಿ ಮಗಳನ್ನೂ ಡ್ರಮ್ಮನ್ನೂ ಒಟ್ಟಿಗೆ ಕೊಟ್ಟರು. ಹಗಲು ಬೇಕರಿಯ ವ್ಯಾನು ಓಡಿಸಿ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕುತ್ತೇನೆ. ಸಂಜೆ ಡ್ರಮ್ಮಿನ ಹಿಂದೆ ಕೂತೆನೆಂದರೆ ಮೂರು ಬೀದಿಯಾಚೆಯ ಗೋಡೆಗಳು ಸುಣ್ಣ ಉದುರಿಸುತ್ತವೆ. ಹೊಗಳಿಕೊಳ್ಳುವ ಅಭ್ಯಾಸ ನನಗಿಲ್ಲ, ಇರುವುದನ್ನು ಹೇಳಿದೆ.

ಮಾವನವರು ಪಿಯಾನೊಗಳಿಗೆ ಶ್ರುತಿ ಕೂಡಿಸುವ ಕಸುಬಿನವರು. ಊರಿನ ಪಿಯಾನೊಗಳು ಒಂದೊಂದಾಗಿ ಕಣ್ಣು ಮುಚ್ಚಿದ ಮೇಲೆ ಅವರ ಕಿವಿ ಮಾತ್ರ ನಿರುದ್ಯೋಗಿಯಾಗಿ ಉಳಿಯಿತು. ಆಗ ಹುಟ್ಟಿದ್ದು ನಮ್ಮ ತಂಡ. ಜಗತ್ಪ್ರಸಿದ್ಧ ಸಂಯೋಜಕರನ್ನೆಲ್ಲ ಹಿಡಿದು, ಅವರವರ ರಾಗಗಳನ್ನು 'ಬಿಚ್ಚಿ ಹೊಲಿಯಬೇಕು' ಎಂಬುದು ಅವರ ಹಟ. ಹಳೆಯ ಕೋಟಿನ ಹೊಲಿಗೆ ಬಿಚ್ಚಿ ಒಳಮಗ್ಗುಲು ಹೊರಗೆ ಮಾಡಿ ಹೊಲಿಯುವುದಿಲ್ಲವೇ, ಹಾಗೆ. ಮೊದಲ ರೆಕಾರ್ಡಿನ ಹೊದಿಕೆಯ ಬೆನ್ನಿಗೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿಬಿಟ್ಟರು: ಹತ್ತು ಸಂಪುಟಗಳ ಮಾಲೆ, ಹತ್ತು ಮಹಾ ಸಂಯೋಜಕರು. ಮೊದಲನೆಯದರಲ್ಲಿ ಕವಾಯತಿನ ಸಂಯೋಜಕನ ನಡಿಗೆಯ ರಾಗಗಳನ್ನು ಕುಂಟುವಂತೆ ಮಾಡಿದೆವು. ಎರಡನೆಯದರಲ್ಲಿ ನೃತ್ಯದ ಸಂಯೋಜಕನನ್ನು ಕೂರಿಸಿದೆವು. ಲೋಕ ಬೆರಗಾಯಿತು. ಲೋಕವೆಂದರೆ ನಮ್ಮ ರೆಕಾರ್ಡು ಕೊಳ್ಳುವವರು. ಅವರೆಲ್ಲರನ್ನೂ ನನ್ನ ವ್ಯಾನಿನಲ್ಲೇ ಕೂರಿಸಬಹುದು, ಬ್ರೆಡ್ಡಿನ ಟ್ರೇಗಳನ್ನು ಇಳಿಸಬೇಕಾಗಿಲ್ಲ. ಆದರೆ ಎಂಥ ಜನ.

ಮೂರನೆಯದು ನಿಂತಿತು. ಎಷ್ಟು ಕಾಲ ನಿಂತಿತೆಂದರೆ, ಎರಡನೆಯದರ ಕಾಲಕ್ಕೆ ತೊಟ್ಟಿಲಲ್ಲಿ ಅತ್ತ ನನ್ನ ಮಗಳು ಈಗ ಶಾಲೆ ಮುಗಿಸಿ, ತಾತನ ತಂಡದಲ್ಲಿ ಚಮಚ ಬಾರಿಸುತ್ತ, ತಾತನಿಗೇ ಎದುರು ಮಾತಾಡುವಷ್ಟು ಬೆಳೆದಿದ್ದಾಳೆ.

ಅಷ್ಟು ಕಾಲವೂ ಈ ಮನೆ ಹೊಲಿಗೆ ಬಿಚ್ಚಿಟ್ಟ ಕೋಟಿನಂತೆಯೇ ಬಿದ್ದಿತ್ತು. ಹಜಾರದ ಕಿಟಕಿಗಳಿಗೂ ಗೋಡೆಗಳಿಗೂ ಹಾಸಿಗೆಗಳನ್ನು ಹೊಲಿದು ಮುಚ್ಚಿದ್ದೇವೆ. ಬೀದಿಯ ಸದ್ದು ಒಳಗೆ ಬರಬಾರದು. ಬೀರು, ಬೆಂಚು, ಮಂಚಗಳ ಕಾಲಿನ ಸುತ್ತ ಸೀಮೆಸುಣ್ಣದ ಗೆರೆ. ಒಂದು ಬೆರಳು ಸರಿದರೂ ಕೋಣೆಯ ಗುಂಗು ಕೆಡುತ್ತದೆ. ಗುಡಿಸುವವರು ಗೆರೆ ಅಳಿಸಬಾರದು, ಆದ್ದರಿಂದ ಮಂಚದ ಕೆಳಗಿನ ಧೂಳಿಗೆ ಈಗ ಮೊಮ್ಮಕ್ಕಳಾಗಿವೆ. ಯಾರೇನು ಕೇಳಿದರೂ ಮಾವನವರದು ಒಂದೇ ಉತ್ತರ, 'ಮಾಲೆ ಮುಗಿದ ಮೇಲೆ.' ಗೋಡೆಗೆ ಬಣ್ಣ, ಮಾಲೆ ಮುಗಿದ ಮೇಲೆ. ಅತ್ತೆಯ ಹುಳುಕು ಹಲ್ಲು, ಮಾಲೆ ಮುಗಿದ ಮೇಲೆ. ನನ್ನ ಭಾವಮೈದುನನ ಮದುವೆಯೂ ಅದೇ ಸಾಲಿನಲ್ಲಿತ್ತು. ಹುಡುಗಿ ಕಾದು ಕಾದು ಬೇರೆಯವನನ್ನು ಕಟ್ಟಿಕೊಂಡು ಹೋದಳು. ಭಾವಮೈದುನ ರೆಕಾರ್ಡಿಂಗ್ ಯಂತ್ರದ ಮುಂದೆ ಕೂತು ಕೂತು ಯಂತ್ರದ ಭಾಗವೇ ಆಗಿಹೋಗಿದ್ದಾನೆ. ಸದಾ ಕುತ್ತಿಗೆಗೆ ತಂತಿ ಸುತ್ತಿಕೊಂಡಿರುವುದರಿಂದ ಎಲ್ಲರೂ ಅವನನ್ನು ತಂತಿ ಎಂದೇ ಕರೆಯುತ್ತೇವೆ.

ತಂಡದ ದನಿ ನನ್ನ ಹೆಂಡತಿ. ಅವಳ ದನಿಯ ಬಗ್ಗೆ ನಾನು ಒಂದು ಅಕ್ಷರವೂ ಹೆಚ್ಚು ಹೇಳುವುದಿಲ್ಲ. ಹೆಚ್ಚು ಹೇಳಲು ಜಾಗವಿಲ್ಲ. ಹಗಲು ಅವಳು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಾಳೆ. ಅಂಗಡಿಯ ಯಜಮಾನಿ ಹೊಳೆಯಾಚೆಯ ಊರಿನಲ್ಲಿ ಇನ್ನೊಂದು ಅಂಗಡಿ ತೆರೆಯುವವಳಿದ್ದಳು. ಅದನ್ನು ನಡೆಸಲು ನಂಬಿಕೆಯ ಒಬ್ಬಳು ಬೇಕಿತ್ತು. ಅಂಗಡಿಯ ಮೇಲೆ ಎರಡು ಕೋಣೆ, ವಾಸಕ್ಕೆ. ಅವಳು ನನ್ನ ಹೆಂಡತಿಯನ್ನು ಕೇಳಿದಳು.

ಆ ಸುದ್ದಿಯನ್ನು ಹೆಂಡತಿ ರಾತ್ರಿಯೂಟಕ್ಕೆ ಕೂತಾಗ ತಟ್ಟೆಗೆ ಆಲೂಗಡ್ಡೆ ಹಾಕಿದಷ್ಟು ಸಲೀಸಾಗಿ ಹಾಕಿದಳು. "ಎರಡು ಕೋಣೆ ಇದೆಯಂತೆ. ಕಿಟಕಿ ತೆಗೆಯೋಕೆ ಬರುತ್ತಂತೆ. ನಾವು ಮೂವರೂ ಹೋಗ್ತೀವಿ ಅಪ್ಪ."

ಮಾವನವರು ಬ್ರೆಡ್ಡಿನ ಅಂಚನ್ನು ಕಿವಿಯ ಹತ್ತಿರ ಹಿಡಿದು ಮುರಿದರು. ತಿನ್ನುವ ಮೊದಲು ಎಲ್ಲದರ ಸದ್ದು ಕೇಳುವುದು ಅವರ ರೂಢಿ. "ಹೋಗಬೇಡ ಅಂದೋರು ಯಾರು? ಮಾಲೆ ಮುಗಿದ ಮೇಲೆ ಹೋಗು."

"ಮಾಲೆ ಮುಗಿಯೋ ಹೊತ್ತಿಗೆ ನನಗೇ ಮಾಲೆ ಹಾಕಿರ್ತಾರೆ," ಎಂದಳು ಹೆಂಡತಿ.

"ಊಟದ ಹೊತ್ತಲ್ಲಿ ಎಂಥ ಮಾತೇ ಅದು," ಎಂದು ಅತ್ತೆ ಗದರಿದರು.

"ತಾತ, ಹೊದಿಕೆ ಮೇಲೆ ಹತ್ತು ಅಂತ ಅಚ್ಚಾಕ್ಸಿದ್ದು ನೀವು. ಅಮ್ಮ ಸಹಿ ಹಾಕಿದ್ಲಾ?" ಇದು ನನ್ನ ಮಗಳು.

"ನಿನ್ನ ಅಮ್ಮನ ಗಂಟಲಿದೆಯಲ್ಲ, ಅದೇ ಸಹಿ."

"ಹಾಗಿದ್ರೆ ಗಂಟಲು ಇಟ್ಕೊಂಡು ಉಳಿದದ್ದನ್ನ ಕಳಿಸಿಕೊಡಿ."

ತಂತಿ ನಗಲು ಹೋಗಿ ಕೆಮ್ಮಿದ. ಮಾವನವರು ಎದ್ದು ಕೈ ತೊಳೆದರು. ಕೊನೆಗೆ ಬಂದ ಒಪ್ಪಂದವೆಂದರೆ, ಮೂರನೆಯ ಸಂಪುಟ ಈ ತಿಂಗಳಲ್ಲೇ ಮುಗಿಸುವುದು, ಆಮೇಲೆ ನೋಡೋಣ. ಮಾವನವರ 'ನೋಡೋಣ' ಎಷ್ಟು ಆಳವೆಂದರೆ ಅದರೊಳಗೆ ಬಿದ್ದವರ ಸದ್ದು ಇನ್ನೂ ಮೇಲೆ ಬಂದಿಲ್ಲ. ಆದರೂ ಹೆಂಡತಿ ಯಜಮಾನಿಗೆ ಸೋಮವಾರ ಖಚಿತ ಹೇಳುತ್ತೇನೆಂದು ಮಾತು ಕೊಟ್ಟು ಬಂದಳು. ಹೇಳುವುದೇನೆಂದು ಅವಳ ಮನಸ್ಸಿನಲ್ಲಿ ಅದಾಗಲೇ ತೀರ್ಮಾನವಾಗಿತ್ತು. ನನ್ನ ಅಂಗಿಗಳನ್ನು ಮಡಚುವಾಗ ಎರಡು ರಾಶಿ ಮಾಡುತ್ತಿದ್ದಳು, ಒಯ್ಯುವುದು, ಬಿಡುವುದು. ಬಿಡುವ ರಾಶಿಯೇ ದೊಡ್ಡದಾಗಿತ್ತು. ನನ್ನ ರುಚಿಯ ಬಗ್ಗೆ ಅವಳಿಗೆ ಗೌರವ ಕಡಿಮೆ.

ಮೂರನೆಯ ಸಂಪುಟ ಲಾಲಿಯ ಸಂಯೋಜಕನದು. ಇಡೀ ಲೋಕವನ್ನು ಮಲಗಿಸಿದ ಮಹಾಪುರುಷ. ಅವನ ಲಾಲಿಗಳಲ್ಲಿ ತಾಯಿ 'ಬಾರೋ, ಮಲಗು ಬಾರೋ' ಎಂದು ಕರೆಯುತ್ತಾಳೆ. ಮಾವನವರು ಹೊಲಿಗೆ ಬಿಚ್ಚಿದರು: ತಾಯಿಯ ಮಾತನ್ನೆಲ್ಲ ಕಿತ್ತುಹಾಕಿ ಮಗುವಿನ ಉತ್ತರವನ್ನಷ್ಟೇ ಉಳಿಸಿದರು. ಮಗುವಿಗೆ ನಿದ್ದೆ ಬೇಡ. ಆದ್ದರಿಂದ ಇಡೀ ಹಾಡಿನಲ್ಲಿ ಇರುವುದು ಒಂದೇ ಪದ, 'ಒಲ್ಲೆ.' ಅದನ್ನೇ ನನ್ನ ಹೆಂಡತಿ ಒಮ್ಮೆ ಬೇಡಿಕೊಂಡಂತೆ, ಒಮ್ಮೆ ಬೇಸತ್ತಂತೆ, ಒಮ್ಮೆ ಬಾಗಿಲು ಮುಚ್ಚಿದಂತೆ ಹಾಡಬೇಕು. ಲಾಲಿಯನ್ನು ಪಕ್ಕದ ಕೋಣೆಯಿಂದ ಕೇಳಿದರೇ ಚೆಂದ ಎಂದು ಮಾವನವರು ಒಂದು ಮೈಕನ್ನು ಹಜಾರದ ಹೊರಗೆ, ಓಣಿಯಂಥ ನಡುಮನೆಯಲ್ಲಿ ನೇತುಹಾಕಿಸಿದರು. ಅಲ್ಲೇ ಟೆಲಿಫೋನು ಇತ್ತು.

ನಮ್ಮ ಮನೆಯ ಕಾನೂನು ಒಂದಿದೆ. ಹಜಾರದ ಬಾಗಿಲ ಮೇಲೆ ಕೆಂಪು ದೀಪ ಹತ್ತಿತೆಂದರೆ ಯಾರೂ ಮಾತಾಡುವಂತಿಲ್ಲ, ಸೀನುವಂತಿಲ್ಲ, ಸಾಯುವುದಿದ್ದರೂ ದೀಪ ಆರಿದ ಮೇಲೆ. ಆ ಹೊತ್ತಿನಲ್ಲಿ ಫೋನು ಗಂಟೆ ಹೊಡೆದರೆ ಅದನ್ನು ಹಿಡಿಯುವುದು ಅತ್ತೆಯ ಕೆಲಸ. ಮೊದಲ ಗಂಟೆ ಪೂರ್ತಿ ಕೂಗುವ ಮೊದಲೇ ರಿಸೀವರನ್ನು ಎತ್ತಿಬಿಡುತ್ತಾರೆ. ಗಿಡುಗ ಕೋಳಿಮರಿಯನ್ನು ಅಷ್ಟು ನಯವಾಗಿ ಎತ್ತುವುದಿಲ್ಲ. ಕೆಳಗಿಟ್ಟರೆ ಮತ್ತೆ ಹೊಡೆಯುತ್ತದಲ್ಲ, ಅದಕ್ಕೆ ತೋಳು ಚಾಚಿ ಹಾಗೇ ಹಿಡಿದುಕೊಂಡು ನಿಲ್ಲುತ್ತಾರೆ. ಆ ಕಡೆಯವರು ಏನಂದರೂ ಅವರಿಗೆ ಕೇಳಿಸದು. ಇಷ್ಟು ಕಾಲ ನನ್ನ ಡ್ರಮ್ಮಿನ ಪಕ್ಕ ಬಾಳಿದ ಕಿವಿಗಳು. ಗೊತ್ತಿದ್ದ ನೆಂಟರು ಕಾಯುತ್ತಾರೆ. ಗೊತ್ತಿಲ್ಲದವರು ಬೈದು ಇಡುತ್ತಾರೆ.

ಆ ಭಾನುವಾರ 'ಒಲ್ಲೆ' ಹಾಡಿದಾಗ ಫೋನು ಬಂತು. ಅತ್ತೆ ಹಿಡಿದರು. ಹೆಂಡತಿ ಹಾಡಿದಳು. ನಾನು ಒದ್ದೆ ಬಟ್ಟೆ ಹೊದಿಸಿದ ಡ್ರಮ್ಮನ್ನು ಎಷ್ಟು ಮೆಲ್ಲಗೆ ಬಾರಿಸಿದೆನೆಂದರೆ ಇರುವೆಗಳು ನಿಂತು ಕೇಳಿದವು. ದೀಪ ಆರಿದಾಗ ಮಾವನವರ ಕಣ್ಣು ತುಂಬಿತ್ತು. ಅತ್ತೆಯ ಕೈಯಲ್ಲಿದ್ದ ಫೋನು ಆ ಹೊತ್ತಿಗೆ ಸತ್ತಿತ್ತು. "ಯಾರೋ ಏನೋ," ಎಂದು ಅವರು ಅದನ್ನು ಇಟ್ಟು, ಕೆಟಲಿನಲ್ಲಿದ್ದ ಮೊಟ್ಟೆ ನೋಡಲು ಹೋದರು. ಹಾಡು ಕೆಡದಂತೆ ಕಾಪಾಡಿದ್ದಕ್ಕೆ ಮಾವನವರು ಅತ್ತೆಯನ್ನು ಎಲ್ಲರೆದುರು ಹೊಗಳಿದರು; ಅದು ಗ್ರಹಣಕ್ಕಿಂತ ಅಪರೂಪದ ಘಟನೆ.

ಸೋಮವಾರ ನನ್ನ ಹೆಂಡತಿ ತಲೆ ಬಾಚಿಕೊಂಡು, ಒಳ್ಳೆಯ ಸೀರೆಯುಟ್ಟು ಅಂಗಡಿಗೆ ಹೋದಳು. ಮಧ್ಯಾಹ್ನಕ್ಕೇ ಮನೆಗೆ ಬಂದಳು. ಅಂಥದು ಹಿಂದೆಂದೂ ಆಗಿರಲಿಲ್ಲ. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಬಂದು, ನಿನ್ನೆ ಫೋನು ಮಾಡಿದ್ದು ಯಾರೆಂದು ಅತ್ತೆಯನ್ನು ಕೇಳಿದಳು. ಅತ್ತೆ, ಯಾರಾದರೇನು, ಸದ್ದಾಗದ ಹಾಗೆ ಹಿಡಿದೆನಲ್ಲ ಎಂದರು.

"ಯಜಮಾನಿ ಮಾಡಿದ್ದಂತೆ ಅಮ್ಮ. ಹೊಸ ಅಂಗಡಿ ಕಟ್ಟಡದ ಮಾಲೀಕ ಬಂದು ಕೂತಿದ್ನಂತೆ, ಬೀಗದಕೈ ಯಾರಿಗೆ ಕೊಡ್ಲಿ ಅಂತ. ಬರ್ತೀಯಾ ಅಂತ ಕೇಳಿದ್ರೆ ನಾನು ಒಲ್ಲೆ ಅಂದ್ನಂತೆ. ಅದೂ ಹಾಡಿ ಹೇಳಿದ್ನಂತೆ. ಬೇಡ ಅಂದ್ರೆ ಬೇಡ ಅನ್ನಬೇಕಿತ್ತು, ಇಷ್ಟು ವರ್ಷ ಅನ್ನ ಹಾಕಿದೋಳನ್ನ ಗೇಲಿ ಮಾಡಬಾರದಿತ್ತು ಅಂತ ನಾಲ್ಕು ಜನರ ಮುಂದೆ ಅಂದ್ರು."

ತಂತಿ ಹೋಗಿ ಯಂತ್ರ ಚಾಲೂ ಮಾಡಿದ. ಹಜಾರದಲ್ಲಿ ನಾವೆಲ್ಲ ನಿಂತು ಕೇಳಿದೆವು. ಲಾಲಿ ದೂರದಿಂದ ತೇಲಿ ಬರುತ್ತಿತ್ತು. ಅದರ ಕೆಳಗೆ, ಡಬ್ಬಿಯೊಳಗೆ ಸಿಕ್ಕ ನೊಣದಂತೆ, ಒಂದು ಪುಟ್ಟ ದನಿ. ತಂತಿ ಗುಬುಟು ತಿರುಗಿಸಿ ಅದನ್ನು ಮೇಲೆತ್ತಿದ.

ಏನಮ್ಮಾ, ಬರ್ತೀಯಾ?

ಒಲ್ಲೆ.

ಅಲ್ಲ, ಯೋಚನೆ ಮಾಡಿ ಹೇಳು. ಮನೆಯೂ ಸಿಗುತ್ತೆ.

ಒಲ್ಲೆ, ಒಲ್ಲೆ.

ಇದೇ ಕೊನೇ ಮಾತಾ?

ಆಗ ನನ್ನ ಹೆಂಡತಿಯ ದನಿ ಮೇಲಿನ ಸ್ವರಕ್ಕೆ ಏರಿ, ಅಲ್ಲೇ ನಿಂತು, ಬಾಗಿಲು ಮುಚ್ಚಿದಂತೆ ಕೆಳಗಿಳಿಯಿತು. ಒಲ್ಲೆ. ನನ್ನ ಡ್ರಮ್ಮಿನ ಒಂದು ಪೆಟ್ಟು. ಆ ಕಡೆ ಫೋನು ಇಟ್ಟ ಸದ್ದು, ತಾಳಕ್ಕೆ ಸರಿಯಾಗಿ.

ಮಾವನವರು ಕುರ್ಚಿಯಿಂದ ಎದ್ದುಬಿಟ್ಟರು. ಅವರ ಮುಖ ನೋಡಬೇಕಿತ್ತು. ಹೂತಿಟ್ಟ ಕೊಪ್ಪರಿಗೆ ಸಿಕ್ಕವನ ಮುಖ. ತಾನು ಕಿತ್ತುಹಾಕಿದ ತಾಯಿಯೇ ಫೋನಿನೊಳಗಿಂದ ಬಂದು ಕರೆಯುತ್ತಿದ್ದಾಳೆ, ಮಗು ಒಲ್ಲೆ ಎನ್ನುತ್ತಿದೆ, ಇದನ್ನು ಯಾರೂ ಬರೆಯಲಾರರು, ಒಂದು ಎಳೆಯನ್ನೂ ಮುಟ್ಟಬಾರದು ಎಂದು ಅವರು ತಂತಿಯ ಭುಜ ಹಿಡಿದು ಅಲ್ಲಾಡಿಸಿದರು.

"ಅಪ್ಪ," ಎಂದಳು ಹೆಂಡತಿ, "ಅದು ನನ್ನ ಹೊಸ ಕೆಲಸ ಹೋದ ಸದ್ದು."

"ಗೊತ್ತು ಮಗಳೇ. ಅದಕ್ಕೇ ಅಷ್ಟು ಚೆನ್ನಾಗಿದೆ."

ಮಾವನವರು ಕೆಟ್ಟವರಲ್ಲ. ಅವರು ಹಾಗೆ ಅಂದದ್ದು ಮನಸಾರೆ ಮೆಚ್ಚಿಯೇ. ಹೆಂಡತಿ ಆ ರಾತ್ರಿ ಅಡುಗೆಗೆ ಏಳಲಿಲ್ಲ. ನಾನು ವ್ಯಾನಿನಲ್ಲಿ ಉಳಿದ ಒಣ ಬ್ರೆಡ್ಡು ತಂದು ಎಲ್ಲರ ಮುಂದಿಟ್ಟೆ. ಯಾರೂ ಅದರ ಸದ್ದು ಕೇಳಿ ಮುರಿಯಲಿಲ್ಲ.

ಮರುದಿನ ನಾನೇ ಯಜಮಾನಿಯ ಬಳಿಗೆ ಹೋದೆ. ನನ್ನ ಮಾತಿನ ಶಕ್ತಿ ಗೊತ್ತಲ್ಲ, ಸಮುದ್ರಕ್ಕೆ ಉಪ್ಪು ಮಾರಿ ಬಾಕಿ ಚಿಲ್ಲರೆ ಕೊಡದೆ ಬರುವವನು. ನಡೆದದ್ದನ್ನು ನಡೆದ ಹಾಗೆ ಹೇಳಿದೆ: ಕೆಂಪು ದೀಪ, ಅತ್ತೆಯ ತೋಳು, ಒಂದೇ ಪದದ ಲಾಲಿ. ಯಜಮಾನಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಹಿಂದೆ ಒಮ್ಮೆ ಬ್ರೆಡ್ಡು ಹಾಕಲು ಬಂದಾಗ, ನನ್ನ ವ್ಯಾನಿನ ಹಾರ್ನು ಕೇಳಿ ಕಿವುಡನೊಬ್ಬನಿಗೆ ಕಿವಿ ಬಂತೆಂದು ನಾನೇ ಅವಳಿಗೆ ಹೇಳಿದ್ದೆ. "ನಿಮ್ಮ ಮನೇಲಿ ಸುಳ್ಳಿಗೂ ತಾಳ ಹಾಕ್ತೀರಾ?" ಎಂದು ಕೇಳಿ ಬಾಗಿಲು ತೋರಿಸಿದಳು. ಜೀವಮಾನದಲ್ಲಿ ಒಂದು ಅಪ್ಪಟ ನಿಜ ಹೇಳಿದೆ, ಅದಕ್ಕೆ ಸಿಕ್ಕ ಮರ್ಯಾದೆ ಇದು.

ವಾರ ಕಳೆಯಿತು. ಹೆಂಡತಿ ಕೆಲಸಕ್ಕೆ ಹೋಗುತ್ತಿದ್ದಳು, ಗಾಜು ಉಜ್ಜುತ್ತಿದ್ದಳು, ಬರುತ್ತಿದ್ದಳು. ಯಜಮಾನಿ ಮಾತು ಬಿಟ್ಟಿದ್ದಳು. ಮನೆಯಲ್ಲಿ ಹೆಂಡತಿ ಮಾತು ಬಿಟ್ಟಿದ್ದಳು. ಮಡಚಿದ್ದ ನನ್ನ ಅಂಗಿಗಳ ಎರಡು ರಾಶಿಗಳೂ ಮತ್ತೆ ಒಂದಾದವು. ಪಕ್ಕದ ಮೇಜಿನಲ್ಲಿ ಗಾಜು ಉಜ್ಜುವ ಹೆಂಗಸು, ಒಂಟಿ ಜೀವ, ಹೊಳೆಯಾಚೆಗೆ ಹೊರಟು ನಿಂತಳು. ಬೀಗದಕೈ ಅವಳ ಸೊಂಟ ಸೇರಿತ್ತು.

ಕೊನೆಗೆ ತಂತಿಯೇ, ಎಂದೂ ತಂದೆಗೆ ಎದುರಾಡದ ತಂತಿ, ಟೇಪಿನ ಒಂದು ನಕಲು ಮಾಡಿ ಅಕ್ಕನ ಚೀಲದಲ್ಲಿ ಹಾಕಿದ. ನಕಲು ಹೊರಗೆ ಹೋಗುವುದು ನಮ್ಮಲ್ಲಿ ದೇಶದ್ರೋಹ. ಹೆಂಡತಿ ಅದನ್ನು ಯಜಮಾನಿಗೆ ಕೇಳಿಸಿದಳು. ಯಜಮಾನಿ ಮೊದಲು ಕೆಂಪಾದಳು. ಎರಡನೆಯ 'ಒಲ್ಲೆ'ಗೆ ತುಟಿ ಕಚ್ಚಿದಳು. ಫೋನು ಕುಕ್ಕಿದ ತನ್ನದೇ ಸದ್ದು ಕೇಳಿದಾಗ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳಂತೆ. ಆಮೇಲೆ ನನ್ನ ಹೆಂಡತಿಯ ಕೈ ಹಿಡಿದು, ತಡವಾಯಿತಲ್ಲ ತಾಯಿ, ಕೊಟ್ಟ ಬೀಗದಕೈ ಕಿತ್ತುಕೊಳ್ಳುವುದು ಹೇಗೆ ಎಂದಳಂತೆ. ಆದರೆ ಅಲ್ಲಿ ಕೆಲಸ ಕಲಿಯಲು, ಆ ಹೆಂಗಸಿನ ಜೊತೆಗೆ ಅಲ್ಲೇ ಇರಲು ಒಬ್ಬ ಹುಡುಗಿ ಬೇಕು, ಯಾರಾದರೂ ಗೊತ್ತಾ ಎಂದು ಕೇಳಿದಳು.

ಹೆಂಡತಿ ಉಸಿರು ತೆಗೆದುಕೊಳ್ಳುವಷ್ಟೂ ತಡಮಾಡಲಿಲ್ಲವಂತೆ.

ಮನೆಗೆ ಬಂದು ಹೇಳಿದಾಗ ಮಾವನವರು ಡಬರಿಗೆ ಕಿವಿಕೊಟ್ಟು ಕೂತಿದ್ದರು. ಚಮಚ ಯಾರು ಬಾರಿಸುತ್ತಾರೆ ಎಂಬುದು ಅವರ ಮೊದಲ ಪ್ರಶ್ನೆ. ನಾಲ್ಕನೆಯ ಸಂಪುಟದಲ್ಲಿ ಹುಡುಗಿಯ ದನಿಯೂ ಬೇಕು, ಅಮ್ಮನ ದನಿಗೆ ಅದು ನೆರಳಿನ ಹಾಗೆ ಕೂರುತ್ತದೆ, ಅದಕ್ಕಾಗಿಯೇ ತಾನು ಅವಳನ್ನು ತಯಾರು ಮಾಡುತ್ತಿರುವುದು ಎಂಬುದು ಎರಡನೆಯ ಮಾತು. ಮೂರನೆಯದು ನಮಗೆಲ್ಲ ಬಾಯಿಪಾಠ.

"ಕಳಿಸೋಣ. ಮಾಲೆ ಮುಗಿದ ಮೇಲೆ."

ನನ್ನ ಮಗಳು ಬಾಯಿ ತೆರೆದಳು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಂದ ಅತ್ತೆಯ ದನಿ ಬಂತು. ಅವರ ಕೈಯಲ್ಲಿ ಎಣ್ಣೆಯ ಸೀಸೆ ಇತ್ತು.

"ಹುಡುಗಿ ಹೋಗ್ಲಿ ರೀ. ಇಲ್ದಿದ್ರೆ ಈಗಲೇ ಬಾಣಲೇಲಿ ಮೊಟ್ಟೆ ಹುರೀತೀನಿ."

ಭೂಮಿ ತಿರುಗುವುದನ್ನು ನಿಲ್ಲಿಸಿತು. ಮಾವನವರು ಅತ್ತೆಯನ್ನೂ ಸೀಸೆಯನ್ನೂ ನೋಡಿದರು. ಅತ್ತೆಯ ಬಲಗೆನ್ನೆ ಹುಳುಕು ಹಲ್ಲಿನಿಂದ ಊದಿತ್ತು. ಅವರು ತಮಾಷೆ ಮಾಡುವ ಸ್ಥಿತಿಯಲ್ಲಿರಲಿಲ್ಲ.

"ಇಬ್ಬರೂ ಹೋದ್ರೆ ಮಾಲೆ ಸತ್ತಹಾಗೇ," ಎಂದರು ಮಾವನವರು. ದನಿ ಕುಗ್ಗಿತ್ತು. "ಇವತ್ತು ಮಗಳು. ನಾಳೆ ಇನ್ನೊಂದು ಅಂಗಡಿ, ತಾಯಿ. ನನಗೇನು ಗೊತ್ತಾಗಲ್ವಾ?"

"ನಾನು ಹೋಗಲ್ಲ," ಎಂದಳು ನನ್ನ ಹೆಂಡತಿ.

"ಈಗ ಹಾಗಂತೀಯ."

"ಹತ್ತೂ ಹಾಡ್ತೀನಿ. ಯಾವಾಗ ಅಂದ್ರೆ ಆವಾಗ, ಎಷ್ಟು ಸಲ ಅಂದ್ರೆ ಅಷ್ಟು ಸಲ. ಎಲ್ಲಿಂದ ಕೆಲಸ ಬಂದ್ರೂ ನಾನೇ ಒಲ್ಲೆ ಅಂತೀನಿ. ಅವಳನ್ನ ಮಾತ್ರ ಯಾವತ್ತೂ ವಾಪಸ್ ಕರೀಬಾರದು. ಚಮಚಕ್ಕೂ ಕರೀಬಾರದು, ನೆರಳಿಗೂ ಕರೀಬಾರದು."

ಮಗಳು, ನೀನಿಲ್ಲದೆ ನಾನು ಹೋಗುವುದಿಲ್ಲ, ಆ ಎರಡು ಕೋಣೆ ನಿನಗೇ ಬಂದದ್ದು ಎಂದು ಅಳಲು ಶುರುಮಾಡಿದಳು. ಹೆಂಡತಿ ಅವಳನ್ನು ಹಜಾರದಿಂದ ಹೊರಗೆ ಕರೆದುಕೊಂಡು ಹೋದಳು. ಅವರಿಬ್ಬರು ಏನು ಮಾತಾಡಿಕೊಂಡರೋ, ಹಾಸಿಗೆ ಹೊಲಿದ ಗೋಡೆಗಳು ಏನನ್ನೂ ಬಿಟ್ಟುಕೊಡಲಿಲ್ಲ. ನಾನು ಮಾವನವರ ಎದುರು ಕೂತಿದ್ದೆ. ಅಳಿಯನಾದವನು ಆಗ ಏನಾದರೂ ಹೇಳಬೇಕಿತ್ತು. ಇಡೀ ಭೂಮಂಡಲದ ಅತಿ ದೊಡ್ಡ ಬಾಯಿಯ ಮಾಲೀಕ ನಾನು, ಸೀಮೆಸುಣ್ಣದ ಗೆರೆಯೊಳಗೆ ಕಾಲು ಜೋಡಿಸಿಕೊಂಡು ಕೂತೇ ಇದ್ದೆ.

ಶನಿವಾರ ಬ್ರೆಡ್ಡು ಹಾಕಿ ಮುಗಿಸಿ, ಮಗಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಸೇತುವೆ ದಾಟಿದೆ. ಅವಳ ಪೆಟ್ಟಿಗೆಯನ್ನು ಮೆಟ್ಟಿಲು ಹತ್ತಿಸಿ ಕೊಟ್ಟೆ. ಗಾಜು ಉಜ್ಜುವ ಹೆಂಗಸು ನಮಗೆ ಟೀ ಕೊಟ್ಟಳು. ಅದಕ್ಕೆ ಟೀಯ ರುಚಿ ಮಾತ್ರ ಇತ್ತು. ನಾನು ಹೊರಟಾಗ ಮಗಳು, "ಅಮ್ಮನಿಗೆ ಚೆನ್ನಾಗಿದೆ ಅಂತ ಹೇಳಪ್ಪ. ಆದ್ರೆ ತೀರಾ ಜಾಸ್ತಿ ಹೇಳ್ಬೇಡ," ಎಂದಳು.

ಮನೆಗೆ ಬಂದಾಗ ಹೆಂಡತಿ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಆಲೂಗಡ್ಡೆ ಹೆರೆಯುತ್ತಿದ್ದಳು. ತಲೆಯೆತ್ತದೆ ಕೇಳಿದಳು, "ಕಿಟಕಿ ಇದೆಯಾ?"

"ಇದೆ."

"ತೆಗೆದ್ರೆ ಏನು ಕಾಣುತ್ತೆ?"

ಹೊಳೆ ಎಂದೆ. ಹೊಳೆಯ ತುಂಬ ದೋಣಿ, ದೋಣಿಗಳಿಗೆಲ್ಲ ಬಣ್ಣಬಣ್ಣದ ಹಾಯಿ, ಆಚೆ ದಡದಲ್ಲಿ ನೀಲಿ ಬೆಟ್ಟ, ಬೆಟ್ಟದ ತುದಿಯಲ್ಲಿ ಮೋಡ ಕೂತು ಕಾಲು ಇಳಿಬಿಟ್ಟಿದೆ ಎಂದೆ. ಅವಳು ಹೆರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ದೋಣಿಗಳೆಷ್ಟು ಎಂದಳು. ಎಣಿಸಲು ಹೋಗಿ ಸುಸ್ತಾಯಿತು ಎಂದೆ. ಅವಳ ತುಟಿ ಸ್ವಲ್ಪ ನಕ್ಕಿತು.

"ಪಕ್ಕದ ಮನೆ ಗೋಡೆ, ಅಲ್ವಾ?"

"ಗೋಡೆ," ಎಂದೆ.

ಅವಳು ಹೆರೆದ ಆಲೂಗಡ್ಡೆಯನ್ನು ನೀರಿಗೆ ಹಾಕಿದಳು. "ಗಾಳಿ?"

"ಗಾಳಿ ಬರುತ್ತೆ."

ಒಳಗಿಂದ ಮಾವನವರು ನಾಲ್ಕನೆಯ ಸಂಯೋಜಕನ ಹೆಸರು ಕೂಗಿದರು. ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.